ತಾಯಂದಿರ ಪ್ರಾಣವನ್ನುಳಿಸಿದ ಸೆಮ್ಮೆಲ್ವೈಸರು

ಹಂಗೇರಿ ದೇಶದ ಬುಡಾ ಪಟ್ಟಣದ ದಿನಸಿ ವರ್ತಕರೊಬ್ಬರ ಮನೆಯಲ್ಲಿ ಕ್ರಿ.ಶ. 1818ನೆಯ ಇಸವಿ ಜುಲೈ 1ರಂದು ಇಗ್ನಾಜ್ ಸೆಮ್ಮೆಲ್ವೈಸರು ಜನಿಸಿದರು. ನ್ಯಾಯಶಾಸ್ತ್ರವನ್ನು ಕಲಿಯಲೆಂದು ವಿಯೆನ್ನಾ ನಗರಕ್ಕೆ ಹೋದವರು ಅದನ್ನು ಬಿಟ್ಟು ವೈದ್ಯಶಾಸ್ತ್ರವನ್ನು ಹಿಡಿದು, 1846ರಲ್ಲಿ ಅಲ್ಲಿಯ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು.

ಆ ವಿಭಾಗದಲ್ಲಿ ಎರಡು ಶಾಲೆಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳೂ ಇನ್ನೊಂದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ಆ ವರ್ಷ ಮೊದಲನೆಯ ಶಾಲೆಯ 4010 ಹೆರಿಗೆಗಳಲ್ಲಿ 459 ತಾಯಂದಿರು ಮಡಿದರು. ಎರಡನೆಯದರ 3754 ಹೆರಿಗೆಗಳಲ್ಲಿ ಮಡಿದವರು 105 ಮಂದಿ ಮಾತ್ರ. ಬಾಣಂತಿಜ್ವರವೇ ಈ ಮರಣಗಳ ಮುಖ್ಯ ಕಾರಣ. ಮೊದಲನೆಯ ಶಾಲೆಗೆ ತಮ್ಮನ್ನು ಸೇರಿಸಬಾರದೆಂದು ಬಡ ಗರ್ಭಿಣಿಯರು ಮೊಣಕಾಲೂರಿ ಅಂಗಲಾಚುತ್ತಿದ್ದರು. ಹಿರಿಯ ವೈದ್ಯರಾದರೋ ಇದೆಲ್ಲ ಕೆಟ್ಟ ಗಾಳಿಯ ಫಲವೆಂದು ಸುಮ್ಮನಿದ್ದರು. ಒಂದೇ ಸೂರಿನಡಿಯ ಗಾಳಿಯು ಒಂದು ಕಡೆ ಕೊಂದು ಇನ್ನೊಂದು ಕಡೆ ಬಿಡುವುದೆಂತು?

ಸೆಮ್ಮೆಲ್ವೈಸರು ಒಂದೊಂದೇ ಕಾರಣವನ್ನು ಪರೀಕ್ಷಿಸುತ್ತ ಹೋದರು. ಜನಸಂದಣಿಯು ಎರಡನೆಯ ಶಾಲೆಯಲ್ಲಿಯೇ ಹೆಚ್ಚಾಗಿದ್ದಿತು. ಸಾಯುವವರ ಬಳಿಗೆ ಪಾದ್ರಿಯು ಗಂಟೆಯ ಸದ್ದಿನೊಡನೆ ಬರುವುದರಿಂದ ಬಾಣಂತಿಯರು ಬೆದರುವರೇನೋ ಎಂದು, ಸದ್ದಿಲ್ಲದೆ ಬೇರೆ ದಾರಿಯಿಂದ ಬರುವಂತೆ ಅವರನ್ನು ಬೇಡಿಕೊಂಡರು. ಮರಣಗಳು ಕಡಮೆಯಾಗಲಿಲ್ಲ.

1847ರ ಮಾರ್ಚಿಯಲ್ಲಿ ಅವರ ಸ್ನೇಹಿತರಾದ ಕೊಲೆಚ್ಕರು ತೀರಿಕೊಂಡರು. ಶವಪರೀಕ್ಷೆಯ ಸಮಯದಲ್ಲಿ ಶಿಷ್ಯನೊಬ್ಬನ ಚೂರಿ ಅವರ ಬೆರಳಿಗೆ ತಗಲಿದ್ದಿತು. ಅವರ ದೇಹದಲ್ಲಿ ಕಂಡ ಚಿಹ್ನೆಗಳು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದವುಗಳೇ ಆಗಿದ್ದವು. ಹೆಣವನ್ನು ಮುಟ್ಟಿದ ಕೈಗಳೇ ನೇರವಾಗಿ ಹೆರಿಗೆಯ ಮಂಚಕ್ಕೆ ಬರುತ್ತಿದ್ದವಷ್ಟೆ. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. ರೋಗದ ಮೂಲವನ್ನರಿಯಲು ದಿನದಿನವೂ ಶವಗಳನ್ನು ಪರೀಕ್ಷಿಸುತ್ತಿದ್ದ ತಮ್ಮ ಕೈಗಳೇ ಅನೇಕರನ್ನು ಅಕಾಲಮೃತ್ಯುವಿಗೆ ನೂಕಿದುವೆಂಬುದನ್ನು ಸೆಮ್ಮೆಲ್ವೈಸರು ಮರೆಮಾಚಲಿಲ್ಲ. ಇಂತಹ ಸತ್ಯವನ್ನು ಒಪ್ಪಿಕೊಳ್ಳಲು ಬೇಕಾದ ಧೈರ್ಯ ವಿರಳವಾದುದು.

ಮೇ ತಿಂಗಳಿನಿಂದ ಪ್ರತಿಯೊಬ್ಬರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟುಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ 18ನ್ನು ಮೀರಿದ್ದ ಮರಣವು ಜೂನಿನಲ್ಲಿ 2ರ ಸಮೀಪಕ್ಕಿಳಿಯಿತು. ಅಕ್ಟೋಬರಿನಲ್ಲಿ ಮಾತ್ರ, ಕೊಳೆತ ವ್ರಣವಿದ್ದ ರೋಗಿಯೊಬ್ಬಳ ಬಳಿಕ ಪರೀಕ್ಷಿಸಲ್ಪಟ್ಟ ಹಲವರು ಸತ್ತರು. ಆಗ ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ಮೇಲೆಯೂ ಕೈ ತೊಳೆಯಬೇಕೆಂದು ನಿಯಮವನ್ನು ಬಿಗಿಮಾಡಿದರು. 1848ರಲ್ಲಿ ಎರಡು ತಿಂಗಳುಗಳು ಒಂದೂ ಸಾವಿಲ್ಲದೆ ಕಳೆದವು.

ಆದರೂ ವೈದ್ಯರ ಕೈಯೇ ಮೃತ್ಯುವಿನ ವಾಹನವೆಂಬ ಮಾತು ಅನೇಕ ಪಂಡಿತರಿಗೆ ಸಹಿಸಲಿಲ್ಲ. 1849ರಲ್ಲಿ ಅವರ ಉದ್ಯೋಗವನ್ನು ಮುಂದುವರಿಸಲಿಲ್ಲ. ಮರುವರ್ಷ ಅವರು ಪೆಸ್ಟ್ ನಗರಕ್ಕೆ ಮರಳಿ, ಸೇಂಟ್ ರೋಖುಸ್ ಆಸ್ಪತ್ರೆಯಲ್ಲಿ ಅದೇ ಕ್ರಮವನ್ನು ನಡೆಸಿದರು. ಅಲ್ಲಿ ಆರು ವರ್ಷಗಳ 933 ಹೆರಿಗೆಗಳಲ್ಲಿ ಈ ಜ್ವರದಿಂದ ಸತ್ತವರು 8 ಮಂದಿ. ಬರೆಯುವುದರಲ್ಲಿ ಅವರು ತಡಮಾಡಿದುದು ನಿಜ. ಗ್ರಂಥವು 1861ರಲ್ಲಿ ಹೊರಬಂದಿತು. ಆಮೇಲೆ ವಿರೋಧಿಗಳನ್ನು ಕೊಲೆಗಾರರೆಂದು ಜರೆದು ಬರೆದ ಬಹಿರಂಗ ಪತ್ರಗಳಿಂದ ಹಗೆಗಳು ಹೆಚ್ಚಿದರೇ ಹೊರತು ಕೈ ತೊಳೆಯುವವರು ಹೆಚ್ಚಲಿಲ್ಲ.

ಕಡೆಗೆ ಬುದ್ಧಿ ಕದಡಿತು. 1865ರಲ್ಲಿ ಅವರನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಆಗಸ್ಟ್ 13ರಂದು, ಗಾಯವು ನಂಜೇರಿ, 47ನೆಯ ವಯಸ್ಸಿನಲ್ಲಿ ಅಲ್ಲಿಯೇ ಕಾಲವಾದರು. ಎರಡು ವರ್ಷಗಳ ಬಳಿಕ ಲಿಸ್ಟರ್ ಪಂಡಿತರು ಕಾರ್ಬಾಲಿಕ್ ಆಮ್ಲದಿಂದ ಗಾಯದ ನಂಜನ್ನು ತಡೆಯುವ ತಮ್ಮ ಕ್ರಮವನ್ನು ಪ್ರಕಟಿಸಿದರು. ಬುಡಾಪೆಸ್ಟಿನ ವೈದ್ಯ ವಿಶ್ವವಿದ್ಯಾಲಯಕ್ಕೆ 1969ರಲ್ಲಿ ಸೆಮ್ಮೆಲ್ವೈಸರ ಹೆಸರನ್ನಿಟ್ಟರು.