ತೊಡೆಸಂದಿನ ಗಂಟನ್ನು ಉಜ್ಜಿ ಕರಗಿಸಬಹುದೇ? ಗಿಂಬರ್ನಾಟ್ ತೋರಿಸಿಕೊಟ್ಟ ಸತ್ಯ

ತೊಡೆಸಂದಿನಲ್ಲಿ ಗಂಟು ಕಂಡರೆ ಎಣ್ಣೆ ಹಚ್ಚಿ ಉಜ್ಜಿ, ಒಳಕ್ಕೆ ಒತ್ತಿ, ಆಪರೇಷನ್ ಬೇಕಿಲ್ಲ ಎಂಬ ಸಲಹೆಯನ್ನು ನಾವೆಲ್ಲ ಕೇಳಿರುತ್ತೇವೆ. ಆ ಗಂಟು ಹರ್ನಿಯಾ ಆಗಿದ್ದರೆ ಈ ಸಲಹೆ ಜೀವಕ್ಕೇ ಕುತ್ತು ತರಬಹುದು. ಏಕೆಂದು ತಿಳಿಯಲು ಸ್ಪೇನಿನ ಶಸ್ತ್ರವೈದ್ಯ ಅಂತೋನಿಯೊ ದೆ ಗಿಂಬರ್ನಾಟ್ ಅವರ ಬದುಕನ್ನು ನೋಡೋಣ.

ಅವರು ಹುಟ್ಟಿದ್ದು 1734ರಲ್ಲಿ, ಕ್ಯಾಟಲೋನಿಯಾದ ಕಡಲತೀರದ ಊರು ಕಾಂಬ್ರಿಲ್ಸ್‌ನಲ್ಲಿ. ಕಾದಿಸ್‌ನಲ್ಲಿ ಶಸ್ತ್ರವೈದ್ಯ ಕಲಿತು, ಬಾರ್ಸಿಲೋನಾದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು. ಅವರ ಗಮನ ಸೆಳೆದದ್ದು ಕಿಬ್ಬೊಟ್ಟೆಯಿಂದ ತೊಡೆಗೆ ಇಳಿಯುವ ಒಂದು ಕಿರಿದಾದ ದಾರಿ. ಅದರ ಮುಂದೆ ತೊಡೆಸಂದಿನ ಬಿಗಿಯಾದ ಲಿಗಮೆಂಟ್, ಹಿಂದೆ ಸೊಂಟದ ಮೂಳೆ, ಹೊರಬದಿಯಲ್ಲಿ ತೊಡೆಯ ರಕ್ತನಾಳ ಇವೆ. ಒಳಬದಿಯಲ್ಲಿ ಅರ್ಧಚಂದ್ರದ ಅಂಚಿನ ಪುಟ್ಟ ಲಿಗಮೆಂಟ್ ಇದೆ. ಇಂದಿಗೂ ಅದನ್ನು ಗಿಂಬರ್ನಾಟ್ ಲಿಗಮೆಂಟ್ ಎಂದೇ ಕರೆಯುತ್ತಾರೆ.

ಈ ದಾರಿಯಲ್ಲಿ ಕರುಳು ಹೊರನುಸುಳಿದರೆ ಅದೇ ತೊಡೆಯ ಹರ್ನಿಯಾ. ಬೆರಳು ಊದಿಕೊಂಡಾಗ ಉಂಗುರ ಕಚ್ಚಿ ಹಿಡಿಯುವುದಿಲ್ಲವೇ? ಇಲ್ಲೂ ಹಾಗೆಯೇ. ಸಿಕ್ಕಿಕೊಂಡ ಕರುಳು ಊದುತ್ತದೆ, ಸುತ್ತಲಿನ ಗಟ್ಟಿ ಅಂಚುಗಳು ಜಗ್ಗುವುದಿಲ್ಲ, ರಕ್ತ ಹರಿಯುವುದು ನಿಂತು ಕರುಳು ಕೊಳೆಯತೊಡಗುತ್ತದೆ.

ಆ ಕಾಲದ ವೈದ್ಯರು ಕರುಳನ್ನು ಬಿಡಿಸಲು ಮುಂದಿನ ದೊಡ್ಡ ಲಿಗಮೆಂಟನ್ನು ಮೇಲ್ಮುಖವಾಗಿ ಕತ್ತರಿಸುತ್ತಿದ್ದರು. ಅಲ್ಲೇ ಮೇಲೆ ಮುಖ್ಯ ರಕ್ತನಾಳಗಳಿವೆ, ಗಂಡಸರಲ್ಲಿ ವೃಷಣಕ್ಕೆ ಹೋಗುವ ನಾಳಗಳೂ ಇವೆ. ಅರಿವಳಿಕೆ ಇಲ್ಲದ ಆ ದಿನಗಳಲ್ಲಿ ಕೈ ಸ್ವಲ್ಪ ತಪ್ಪಿದರೂ ರೋಗಿ ರಕ್ತ ಸೋರಿ ಸಾಯುವ ಭಯವಿತ್ತು. ಅದರ ಬದಲು ಒಳಬದಿಯ ಪುಟ್ಟ ಲಿಗಮೆಂಟನ್ನು ಬಿಡಿಸಿದರೆ ಸಾಕು ಎಂಬುದು ಗಿಂಬರ್ನಾಟ್ ಕಂಡುಕೊಂಡ ದಾರಿ.

ಸರ್ಕಾರದ ಕಡೆಯಿಂದ ವಿದೇಶ ಅಧ್ಯಯನಕ್ಕೆ ಹೋಗಿದ್ದ ಅವರು 1777ರಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಅವರ ಪಾಠ ಕೇಳಿದರು. ಹಂಟರ್ ಆಗಿನ ಬಹುದೊಡ್ಡ ಶಸ್ತ್ರವೈದ್ಯರು. ಪಾಠ ಮುಗಿದ ಮೇಲೆ ಗಿಂಬರ್ನಾಟ್ ಅಲ್ಲಿದ್ದ ದೇಹಭಾಗದ ಮೇಲೆಯೇ ತಮ್ಮ ವಿಧಾನವನ್ನು ವಿವರಿಸಿದರು. ಹಂಟರ್ ಹಮ್ಮು ತೋರದೆ ಒಪ್ಪಿಕೊಂಡರು.

ಊರಿಗೆ ಮರಳಿದ ಗಿಂಬರ್ನಾಟ್ ಮ್ಯಾಡ್ರಿಡ್‌ನಲ್ಲಿ ಸ್ಯಾನ್ ಕಾರ್ಲೋಸ್ ಶಸ್ತ್ರವೈದ್ಯ ಕಾಲೇಜನ್ನು ಕಟ್ಟಿ ಬೆಳೆಸಿದರು. ರಾಜನ ಶಸ್ತ್ರವೈದ್ಯರೂ ಆದರು. 1793ರಲ್ಲಿ ತಮ್ಮ ವಿಧಾನದ ಪುಸ್ತಕ ಪ್ರಕಟಿಸಿದರು. ಎರಡೇ ವರ್ಷದಲ್ಲಿ ಅದು ಇಂಗ್ಲಿಷಿಗೂ ಬಂತು. ಕೊನೆಗಾಲ ಮಾತ್ರ ಕಷ್ಟದ್ದು. ನೆಪೋಲಿಯನ್ ಯುದ್ಧಗಳ ನಂತರ ರಾಜಕೀಯ ಬದಲಾಗಿ ಸ್ಥಾನಮಾನ ಹೋಯಿತು, ಕಣ್ಣೂ ಮಂಜಾಯಿತು. 1816ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು.

ಅವರ ವಿಧಾನವೂ ಪೂರ್ತಿ ಅಪಾಯರಹಿತವಲ್ಲ. ಕೆಲವರಲ್ಲಿ ಈ ಲಿಗಮೆಂಟಿನ ಹಿಂದೆಯೇ ರಕ್ತನಾಳವೊಂದು ಹಾದುಹೋಗುತ್ತದೆ ಎಂದು ವೈದ್ಯರು ಈಗ ಎಚ್ಚರ ವಹಿಸುತ್ತಾರೆ. ಇಂದು ಜಾಲರಿ ಇಟ್ಟು ಮುಚ್ಚುವ, ಲ್ಯಾಪರೊಸ್ಕೋಪ್ ಬಳಸುವ ವಿಧಾನಗಳೂ ಇವೆ.

ನಾವು ನೆನಪಿಡಬೇಕಾದ್ದು ಇಷ್ಟು. ಎಣ್ಣೆಗೆ ಲಿಗಮೆಂಟಿನ ಅಂಚನ್ನು ಸಡಿಲಿಸುವ ಶಕ್ತಿ ಇಲ್ಲ. ತೊಡೆಯ ಹರ್ನಿಯಾ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಸಿಕ್ಕಿಕೊಳ್ಳುವ ಸಂಭವವೂ ಹೆಚ್ಚು. ತೊಡೆಸಂದಿನಲ್ಲಿ ಗಂಟು ಕಂಡರೆ ನಾಚಿಕೆಪಡದೆ ಡಾಕ್ಟರಿಗೆ ತೋರಿಸಿ. ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ನೋವು ಅಥವಾ ವಾಂತಿ ಶುರುವಾದರೆ ಒತ್ತಬೇಡಿ, ಉಜ್ಜಬೇಡಿ. ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.