ನೇಗಿಲ ಹುಡುಗನಿಗೊಂದು ಗ್ರಂಥ

ಕಾನೂನಿಲ್ಲದ ಸಮಾಜ ಬೇಲಿಯಿಲ್ಲದ ಹೊಲದಂತೆ. ಬಲವುಳ್ಳವನು ಬಲವಿಲ್ಲದವನ ಬೆಳೆಯನ್ನು ಮೇಯದಂತೆ ಕಾಯುವುದು ಕಾನೂನಿನ ಧರ್ಮ. ಆದುದರಿಂದಲೇ ಕಾನೂನಿಗೆ ವಿಧೇಯನಾಗಿರುವುದು ಒಳ್ಳೆಯ ಪೌರನ ಮೊದಲ ಲಕ್ಷಣವೆಂದು ಹಿರಿಯರು ಹೇಳುತ್ತಾರೆ. ಆದರೆ ತಿಳಿವಳಿಕೆಯನ್ನು ಹಂಚಿಕೊಳ್ಳುವುದೇ ಅಪರಾಧವೆಂದು ಕಾನೂನೊಂದು ಸಾರಿದರೆ ಏನು ಮಾಡಬೇಕು? ಒಂದು ಗ್ರಂಥವನ್ನು ಜನರ ಮಾತಿಗೆ ತಂದವನು, ಅಚ್ಚು ಮಾಡಿದವನು, ಮಾರಿದವನು, ಓದಿದವನು, ಎಲ್ಲರೂ ತಪ್ಪಿತಸ್ಥರೆನಿಸಿದರೆ ವಿಧೇಯತೆಯ ಎಲ್ಲೆ ಯಾವುದು? ಈ ಪ್ರಶ್ನೆ 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಟಿಂಡೇಲ್ ಎಂಬ ವಿದ್ವಾಂಸನ ಎದುರಿಗೆ ನಿಂತಿತು. ಅದಕ್ಕೆ ಆತನು ಕೊಟ್ಟ ಉತ್ತರವೇ ಆತನ ಜೀವನ.

ಟಿಂಡೇಲನು ಸುಮಾರು 1494ರಲ್ಲಿ ಪಶ್ಚಿಮ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ ಜನಿಸಿದನು. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ 1512ರಲ್ಲಿ ಬಿ.ಎ. ಪದವಿಯನ್ನೂ 1515ರಲ್ಲಿ ಎಂ.ಎ. ಪದವಿಯನ್ನೂ ಪಡೆದನು. ಭಾಷೆಗಳನ್ನು ಕಲಿಯುವುದರಲ್ಲಿ ಆತನಿಗೆ ಅಸಾಧಾರಣವಾದ ಶಕ್ತಿಯಿತ್ತು. ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಏಳು ಭಾಷೆಗಳಲ್ಲಿ ಆತನು ಎಷ್ಟು ಪ್ರವೀಣನಾಗಿದ್ದನೆಂದರೆ, ಯಾವುದನ್ನು ಆಡಿದರೂ ಅದೇ ಆತನ ಮಾತೃಭಾಷೆಯೆಂದು ತೋರುತ್ತಿತ್ತೆಂದು ಆತನನ್ನು ಕಂಡವರು ಹೇಳಿದ್ದಾರೆ.

ಅಂದಿನ ಇಂಗ್ಲೆಂಡಿನಲ್ಲಿ ಬೈಬಲ್ ಲ್ಯಾಟಿನ್ ಭಾಷೆಯಲ್ಲಿತ್ತು. ಉಳುವವನಿಗೆ, ನೇಯುವವನಿಗೆ, ಮನೆಯೊಳಗಿನ ಹೆಂಗಸಿಗೆ ಅದು ಅರ್ಥವಾಗುತ್ತಿರಲಿಲ್ಲ. ತಮ್ಮ ಬಾಳನ್ನು ನಡೆಸಬೇಕಾದ ಗ್ರಂಥದಲ್ಲಿ ಏನಿದೆಯೆಂಬುದನ್ನು ಅವರು ಮತ್ತೊಬ್ಬರ ಬಾಯಿಂದಲೇ ಕೇಳಬೇಕಾಗಿತ್ತು. 14ನೆಯ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫನ ಅನುಯಾಯಿಗಳು ಅದನ್ನು ಇಂಗ್ಲಿಷಿಗೆ ತಂದು ಕೈಬರಹದ ಪ್ರತಿಗಳನ್ನು ಹಂಚಿದ್ದರು. ಇದರಿಂದ ಕಳವಳಗೊಂಡ ಧರ್ಮಾಧಿಕಾರಿಗಳು, ಆರ್ಚ್‌ಬಿಷಪ್ ಆರಂಡೆಲನ ನೇತೃತ್ವದಲ್ಲಿ, 15ನೆಯ ಶತಮಾನದ ಆರಂಭದಲ್ಲಿ ಒಂದು ಕಟ್ಟಳೆಯನ್ನು ವಿಧಿಸಿದರು. ಬಿಷಪ್ಪರ ಅನುಮತಿಯಿಲ್ಲದೆ ಧರ್ಮಗ್ರಂಥವನ್ನು ಯಾರೂ ಇಂಗ್ಲಿಷಿಗೆ ಭಾಷಾಂತರಿಸಬಾರದು. ಅಂಥ ಹೊಸ ಭಾಷಾಂತರವನ್ನು ಓದಲೂ ಬಾರದು. ಈ ಕಟ್ಟಳೆಯನ್ನು ಮಾಡಿದವರೆಲ್ಲರೂ ದುಷ್ಟರೆಂದು ನಾವು ಭಾವಿಸಬೇಕಾಗಿಲ್ಲ. ತಪ್ಪು ಭಾಷಾಂತರದಿಂದ ಜನರು ದಾರಿತಪ್ಪಿಯಾರು, ದಂಗೆಯೆದ್ದಾರು ಎಂಬ ನಿಜವಾದ ಭಯ ಅವರಲ್ಲಿ ಅನೇಕರಿಗಿತ್ತು. ಆದರೆ ಭಯದಿಂದ ಹುಟ್ಟಿದ ಆ ಕಾನೂನು ಒಂದು ಜನಾಂಗದ ಕಿವಿಯನ್ನು ನೂರಕ್ಕೂ ಹೆಚ್ಚು ವರ್ಷ ಮುಚ್ಚಿಟ್ಟಿತು.

ಅಷ್ಟರಲ್ಲಿ ಯುರೋಪು ಬದಲಾಗಿತ್ತು. ಅಚ್ಚಿನ ಯಂತ್ರ ಬಂದಿತ್ತು. 1516ರಲ್ಲಿ ಎರಾಸ್ಮಸ್ ಎಂಬ ಮಹಾಪಂಡಿತನು ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಪಾಠವನ್ನು ಅಚ್ಚು ಮಾಡಿಸಿದ್ದನು. 1522ರಲ್ಲಿ ಮಾರ್ಟಿನ್ ಲೂಥರನ ಜರ್ಮನ್ ಭಾಷಾಂತರ ಹೊರಬಂದಿತು. ಇತರ ನಾಡುಗಳ ಜನರು ತಮ್ಮ ತಮ್ಮ ಮಾತಿನಲ್ಲಿ ಓದುತ್ತಿದ್ದುದನ್ನು ಇಂಗ್ಲಿಷರು ಮಾತ್ರ ಓದುವಂತಿರಲಿಲ್ಲ.

ಆಗ ಟಿಂಡೇಲನು ಲಿಟಲ್ ಸಾಡ್‌ಬರಿ ಎಂಬಲ್ಲಿ ಸರ್ ಜಾನ್ ವಾಲ್ಷ್ ಎಂಬ ಸಿರಿವಂತನ ಮನೆಯಲ್ಲಿದ್ದನು. ಆ ಮನೆಗೆ ಬರುತ್ತಿದ್ದ ಧರ್ಮಗುರುಗಳೊಡನೆ ಊಟದ ಹೊತ್ತಿನಲ್ಲಿ ಆತನ ವಾದ ನಡೆಯುತ್ತಿತ್ತು. ಅಂಥ ಒಂದು ವಾದದಲ್ಲಿ ಆತನು, ದೇವರು ತನಗೆ ಆಯುಷ್ಯ ಕೊಟ್ಟರೆ ನೇಗಿಲು ಹೊಡೆಯುವ ಹುಡುಗನೂ ಈ ಪಂಡಿತರಿಗಿಂತ ಹೆಚ್ಚಾಗಿ ಧರ್ಮಗ್ರಂಥವನ್ನು ಅರಿಯುವಂತೆ ಮಾಡುವೆನೆಂದು ಪಣತೊಟ್ಟನೆಂದು ಚರಿತ್ರಕಾರ ಫಾಕ್ಸ್ ಬರೆದಿದ್ದಾನೆ. ಆ ಹುಡುಗನನ್ನು ಮುಂದೆ ಆತನು ಎಂದೂ ಮರೆಯಲಿಲ್ಲ.

ಪಣತೊಟ್ಟವನು ಮೊದಲು ಏನು ಮಾಡಿದನೆಂಬುದು ಗಮನಾರ್ಹವಾಗಿದೆ. ಆತನು ಕಾನೂನನ್ನು ಮುರಿಯಲು ಹೊರಡಲಿಲ್ಲ. ಅದು ತೆರೆದಿಟ್ಟಿದ್ದ ಒಂದೇ ಬಾಗಿಲನ್ನು ತಟ್ಟಲು ಹೊರಟನು. 1523ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ಬಿಷಪ್ಪನಾದ ಕತ್‌ಬರ್ಟ್ ಟನ್‌ಸ್ಟಾಲನನ್ನು ಕಂಡನು. ತನ್ನ ಯೋಗ್ಯತೆಗೆ ಸಾಕ್ಷಿಯಾಗಿ, ಗ್ರೀಕ್ ವಾಗ್ಮಿ ಐಸಾಕ್ರಟೀಸನ ಭಾಷಣವೊಂದನ್ನು ಇಂಗ್ಲಿಷಿಗೆ ತಿರುಗಿಸಿ ಕೊಂಡೊಯ್ದಿದ್ದನು. ಟನ್‌ಸ್ಟಾಲನು ವಿದ್ವಾಂಸ, ಎರಾಸ್ಮಸನ ಮಿತ್ರ. ಆದರೂ ತನ್ನ ಮನೆಯಲ್ಲಿ ಈಗಾಗಲೇ ಸಾಕಷ್ಟು ಜನರಿದ್ದಾರೆಂದು ಹೇಳಿ ಸಾಗಹಾಕಿದನು. ಹಂಫ್ರಿ ಮನ್ಮತ್ ಎಂಬ ಬಟ್ಟೆಯ ವರ್ತಕನು ಟಿಂಡೇಲನಿಗೆ ಆರು ತಿಂಗಳ ಕಾಲ ಆಶ್ರಯ ಕೊಟ್ಟನು. ಬಿಷಪ್ಪನ ಅರಮನೆಯಲ್ಲಷ್ಟೇ ಅಲ್ಲ, ಇಡೀ ಇಂಗ್ಲೆಂಡಿನಲ್ಲಿಯೇ ಈ ಕೆಲಸಕ್ಕೆ ಸ್ಥಳವಿಲ್ಲವೆಂಬುದು ಆತನಿಗೆ ಮನವರಿಕೆಯಾಯಿತು. 1524ರಲ್ಲಿ ಹಡಗು ಹತ್ತಿ ಜರ್ಮನಿಗೆ ಹೊರಟನು. ಮತ್ತೆ ತನ್ನ ನಾಡಿಗೆ ಮರಳಲಿಲ್ಲ.

1525ರಲ್ಲಿ ಕಲೋನ್ ನಗರದಲ್ಲಿ ಹೊಸ ಒಡಂಬಡಿಕೆಯ ಮುದ್ರಣ ಆರಂಭವಾಯಿತು. ಕೊಕ್ಲೇಯಸ್ ಎಂಬ ವಿರೋಧಿಯೊಬ್ಬನು ಅಚ್ಚುಕೂಟದ ಕೆಲಸಗಾರರಿಗೆ ದ್ರಾಕ್ಷಾರಸ ಕುಡಿಸಿ ಗುಟ್ಟನ್ನು ಹೊರಗೆಳೆದನು. ಅಧಿಕಾರಿಗಳು ಬರುವಷ್ಟರಲ್ಲಿ ಟಿಂಡೇಲನು ಅಚ್ಚಾದ ಹಾಳೆಗಳನ್ನು ಹೊತ್ತುಕೊಂಡು ರೈನ್ ನದಿಯ ಮೂಲಕ ವರ್ಮ್ಸ್ ನಗರಕ್ಕೆ ಪಾರಾದನು. 1526ರಲ್ಲಿ ಅಲ್ಲಿ ಆ ಪುಸ್ತಕ ಪೂರ್ಣಗೊಂಡಿತು. ಗ್ರೀಕ್ ಮೂಲದಿಂದ ನೇರವಾಗಿ ಇಂಗ್ಲಿಷಿಗೆ ಬಂದು ಅಚ್ಚಾದ ಮೊದಲ ಹೊಸ ಒಡಂಬಡಿಕೆ ಅದು. ಸುಲಭವಾಗಿ ಬಚ್ಚಿಡಬಹುದಾದ ಚಿಕ್ಕ ಗಾತ್ರದ್ದು. ಬಟ್ಟೆಯ ಮೂಟೆಗಳ ನಡುವೆ ಅಡಗಿ ಸಾವಿರಾರು ಪ್ರತಿಗಳು ಇಂಗ್ಲೆಂಡಿನ ಬಂದರುಗಳನ್ನು ಸೇರಿದವು.

ಟನ್‌ಸ್ಟಾಲನು ಅದೇ ವರ್ಷ ಲಂಡನ್ನಿನ ಸಂತ ಪಾಲರ ದೇವಾಲಯದ ಬಳಿ ಸಿಕ್ಕಿದ ಪ್ರತಿಗಳನ್ನು ಸುಡಿಸಿದನು. ಆಮೇಲೆ ವರ್ತಕನೊಬ್ಬನ ಮೂಲಕ ಹಣ ಕೊಟ್ಟು ಪ್ರತಿಗಳನ್ನು ಕೊಂಡು ಸುಡಲು ಯತ್ನಿಸಿದನೆಂದೂ, ಆ ಹಣ ಟಿಂಡೇಲನಿಗೇ ಸೇರಿ ತಿದ್ದಿದ ಹೊಸ ಮುದ್ರಣಕ್ಕೆ ಒದಗಿತೆಂದೂ ಅಂದಿನ ಚರಿತ್ರಕಾರ ಹಾಲ್ ವಿನೋದವಾಗಿ ಹೇಳಿದ್ದಾನೆ. ಆದರೆ ಎಲ್ಲವೂ ವಿನೋದವಾಗಿರಲಿಲ್ಲ. ಆಶ್ರಯ ಕೊಟ್ಟ ಮನ್ಮತನು 1528ರಲ್ಲಿ ಲಂಡನ್ ಗೋಪುರದ ಸೆರೆಯನ್ನು ಕಾಣಬೇಕಾಯಿತು. ಪುಸ್ತಕವನ್ನು ತಂದವರು, ಮಾರಿದವರು, ಬಚ್ಚಿಟ್ಟು ಓದಿದವರು ಶಿಕ್ಷೆಗೊಳಗಾದರು. ಟಿಂಡೇಲನ ನಿರ್ಧಾರದ ಬೆಲೆಯನ್ನು ಆತನೊಬ್ಬನೇ ತೆರಲಿಲ್ಲ. ಕಾನೂನನ್ನು ಮೀರುವವನು ತನ್ನ ಸಂಗಡ ಇತರರನ್ನೂ ಅಪಾಯಕ್ಕೆ ಒಡ್ಡುತ್ತಾನೆಂಬ ಈ ಕಹಿಸತ್ಯವನ್ನು ಆತನ ಅಭಿಮಾನಿಗಳೂ ಮರೆಯಲಾಗದು.

ಇಷ್ಟೆಲ್ಲ ಮಾಡಿದವನು ಅರಾಜಕತೆಯ ಪಕ್ಷಪಾತಿಯೆ? ಇಲ್ಲವೆನ್ನುವುದಕ್ಕೆ ಆತನ ಇನ್ನೊಂದು ಕೃತಿಯೇ ಸಾಕ್ಷಿ. 1528ರಲ್ಲಿ ಆತನು ಪ್ರಕಟಿಸಿದ ಗ್ರಂಥದ ವಿಷಯವೇ ವಿಧೇಯತೆ. ಮಕ್ಕಳು ತಂದೆತಾಯಿಗಳಿಗೂ ಸೇವಕರು ಒಡೆಯರಿಗೂ ಪ್ರಜೆಗಳು ದೊರೆಗೂ ವಿಧೇಯರಾಗಿರಬೇಕೆಂದು, ದೊರೆಯ ಮೇಲೆ ಯಾರೂ ಕೈಯೆತ್ತಬಾರದೆಂದು ಅದರಲ್ಲಿ ಬೋಧಿಸಿದ್ದಾನೆ. ಆದರೆ ಆಳುವವರು ಧರ್ಮಕ್ಕೆ ವಿರುದ್ಧವಾದುದನ್ನು ಆಜ್ಞಾಪಿಸಿದರೆ ಅದನ್ನು ಮಾಡಬಾರದು. ಅದಕ್ಕಾಗಿ ಬರುವ ಶಿಕ್ಷೆಯನ್ನು ಬಲಪ್ರಯೋಗದಿಂದ ಎದುರಿಸದೆ ತಾಳ್ಮೆಯಿಂದ ಅನುಭವಿಸಬೇಕು. ಇದು ಆತನ ನಿಲುವು. ಆಜ್ಞೆಯನ್ನು ಮೀರಬಹುದು, ದಂಡನೆಯನ್ನು ತಪ್ಪಿಸಿಕೊಳ್ಳಲು ಕತ್ತಿ ಹಿಡಿಯಬಾರದೆಂಬ ಈ ವಿವೇಕ ಆತನನ್ನು ಸಾಮಾನ್ಯ ಬಂಡುಕೋರನಿಂದ ಬೇರ್ಪಡಿಸುತ್ತದೆ.

ಆತನ ಪ್ರತಿಪಕ್ಷದಲ್ಲಿ ಸಣ್ಣವರಿರಲಿಲ್ಲ. ಮಹಾವಿದ್ವಾಂಸನೂ ರಾಜ್ಯದ ಉನ್ನತಾಧಿಕಾರಿಯೂ ಆದ ಸರ್ ಥಾಮಸ್ ಮೋರನು ಟಿಂಡೇಲನ ಪದಗಳ ಆಯ್ಕೆಯನ್ನು ಖಂಡಿಸಿ ಸಂಪುಟಗಳನ್ನೇ ಬರೆದನು. ವಿಧಿಯ ವೈಚಿತ್ರ್ಯವೆಂದರೆ, ಅದೇ ಮೋರನು ಮುಂದೆ ದೊರೆಯನ್ನು ಧರ್ಮಸಭೆಯ ಮುಖ್ಯಸ್ಥನೆಂದು ಒಪ್ಪಿಕೊಳ್ಳಲು ತನ್ನ ಅಂತಃಸಾಕ್ಷಿ ಒಪ್ಪದೆ, 1535ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಪುಸ್ತಕದ ವಿಷಯದಲ್ಲಿ ಕಡುವೈರಿಗಳಾಗಿದ್ದ ಇಬ್ಬರೂ ಕೊನೆಗೆ ಒಂದೇ ಪ್ರಶ್ನೆಯನ್ನು ಎದುರಿಸಿದರು.

1531ರಲ್ಲಿ ಇಂಗ್ಲೆಂಡಿನ ರಾಜಪ್ರತಿನಿಧಿ ಸ್ಟೀಫನ್ ವಾನ್ ಎಂಬವನು ಟಿಂಡೇಲನನ್ನು ಆಂಟ್ವರ್ಪ್ ನಗರದ ಹೊರಗೆ ಗುಟ್ಟಾಗಿ ಕಂಡು, ಸ್ವದೇಶಕ್ಕೆ ಮರಳುವಂತೆ ಕೇಳಿಕೊಂಡನು. ಟಿಂಡೇಲನ ಉತ್ತರ ಸರಳವಾಗಿತ್ತು. ಯಾರ ಭಾಷಾಂತರವಾದರೂ ಸರಿಯೆ, ಧರ್ಮಗ್ರಂಥದ ಬರಿಯ ಪಾಠವನ್ನು ಪ್ರಜೆಗಳ ಭಾಷೆಯಲ್ಲಿ ಹೊರಡಿಸಲು ದೊರೆ ಅಪ್ಪಣೆ ಕೊಟ್ಟರೆ, ತಾನು ಇನ್ನೆಂದೂ ಲೇಖನಿ ಹಿಡಿಯುವುದಿಲ್ಲ. ದೊರೆಯ ಪಾದಕ್ಕೆರಗಿ ಯಾವ ಶಿಕ್ಷೆಯನ್ನಾದರೂ, ಮರಣವನ್ನಾದರೂ, ಸ್ವೀಕರಿಸುತ್ತೇನೆ. ತನ್ನ ಹೆಸರು ನಿಲ್ಲಬೇಕೆಂಬ ಹಂಬಲ ಈ ಮಾತಿನಲ್ಲಿಲ್ಲ. ಗ್ರಂಥ ಜನರ ಕೈ ಸೇರಬೇಕೆಂಬ ಹಂಬಲ ಮಾತ್ರ ಇದೆ. ಅಪ್ಪಣೆ ಬರಲಿಲ್ಲ.

ಹಂಚಿಕೆಗಾಗಿ ಇಷ್ಟು ಹೋರಾಡಿದ ಟಿಂಡೇಲನೇ ಹಂಚಿಕೆಗೂ ಒಂದು ನೀತಿಯುಂಟೆಂದು ತೋರಿಸಿದ ಪ್ರಸಂಗವೊಂದಿದೆ. 1534ರಲ್ಲಿ ಜಾರ್ಜ್ ಜಾಯ್ ಎಂಬವನು ಟಿಂಡೇಲನ ಭಾಷಾಂತರವನ್ನು ತನಗೆ ತೋರಿದಂತೆ ತಿದ್ದಿ, ತನ್ನ ಹೆಸರನ್ನು ಹಾಕದೆ ಅಚ್ಚು ಮಾಡಿಸಿದನು. ಟಿಂಡೇಲನಿಗೆ ಬಹಳ ನೋವಾಯಿತು. ಅದೇ ವರ್ಷ ತಾನು ಪರಿಷ್ಕರಿಸಿ ಹೊರತಂದ ಪುಸ್ತಕದಲ್ಲಿ ಅದನ್ನು ಬಹಿರಂಗವಾಗಿಯೇ ಹೇಳಿದನು. ಯಾರು ಬೇಕಾದರೂ ಭಾಷಾಂತರಿಸಲಿ, ಆದರೆ ತಮ್ಮ ಹೆಸರಿನಿಂದ ಪ್ರಕಟಿಸಲಿ. ಇನ್ನೊಬ್ಬನ ದುಡಿಮೆಯನ್ನು ಮಾರ್ಪಡಿಸಿ ಅದು ಅವನದೇ ಎಂದು ತೋರುವಂತೆ ಮಾಡುವುದು ಪ್ರಾಮಾಣಿಕತೆಯಲ್ಲ ಎಂಬುದು ಆತನ ವಾದವಾಗಿತ್ತು.

1535ರಲ್ಲಿ ಆತನು ಆಂಟ್ವರ್ಪಿನ ಇಂಗ್ಲಿಷ್ ವರ್ತಕರ ಮನೆಯಲ್ಲಿ ಹಳೆಯ ಒಡಂಬಡಿಕೆಯ ಭಾಷಾಂತರದಲ್ಲಿ ತೊಡಗಿದ್ದನು. ಹೆನ್ರಿ ಫಿಲಿಪ್ಸ್ ಎಂಬ ತರುಣನು ಸ್ನೇಹದ ಸೋಗಿನಿಂದ ಹತ್ತಿರ ಬಂದು, ಹಿಡಿಯುವ ದಿನವೂ ಆತನಿಂದ ಸಾಲ ಪಡೆದು, ಊಟಕ್ಕೆಂದು ಹೊರಗೆ ಕರೆದೊಯ್ದು ಅಧಿಕಾರಿಗಳಿಗೆ ಒಪ್ಪಿಸಿದನು. ಬ್ರಸೆಲ್ಸ್ ಸಮೀಪದ ವಿಲ್ವೋರ್ಡ್ ಕೋಟೆಯಲ್ಲಿ ಆತನು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಾಳಾಗಿದ್ದನು. ಅಲ್ಲಿಂದ ಆತನು ಲ್ಯಾಟಿನ್ನಿನಲ್ಲಿ ಬರೆದ ಒಂದು ಪತ್ರ ಉಳಿದುಬಂದಿದೆ. ಚಳಿಗೆ ಬೆಚ್ಚನೆಯ ಟೋಪಿ, ಒಂದು ಅಂಗಿ, ಸಂಜೆಗೊಂದು ದೀಪ, ಇವುಗಳನ್ನು ಕೇಳಿಕೊಂಡಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ಬೇಡಿದ್ದು ಹೀಬ್ರೂ ಬೈಬಲ್ಲನ್ನು, ಹೀಬ್ರೂ ವ್ಯಾಕರಣವನ್ನು, ನಿಘಂಟನ್ನು. 1536ರ ಅಕ್ಟೋಬರಿನಲ್ಲಿ ಆತನನ್ನು ಕಂಬಕ್ಕೆ ಕಟ್ಟಿ, ಕತ್ತು ಬಿಗಿದು ಕೊಂದು, ದೇಹವನ್ನು ಸುಟ್ಟರು. ಇಂಗ್ಲೆಂಡಿನ ದೊರೆಯ ಕಣ್ಣು ತೆರೆಯಲೆಂದು ದೇವರಲ್ಲಿ ಬೇಡಿದ್ದೇ ಆತನ ಕೊನೆಯ ಮಾತೆಂದು ಫಾಕ್ಸ್ ಬರೆದಿದ್ದಾನೆ.

ದೊರೆಯ ಕಣ್ಣು ಬೇಗನೆ ತೆರೆಯಿತು. 1537ರಲ್ಲಿ ಎಂಟನೆಯ ಹೆನ್ರಿಯ ಅಪ್ಪಣೆಯಿಂದಲೇ ಒಂದು ಇಂಗ್ಲಿಷ್ ಬೈಬಲ್ ಹೊರಬಂದಿತು. ಅದರ ಬಹುಭಾಗ ಟಿಂಡೇಲನದು. 1538ರಲ್ಲಿ ಪ್ರತಿಯೊಂದು ಚರ್ಚಿನಲ್ಲಿಯೂ ಇಂಗ್ಲಿಷ್ ಬೈಬಲ್ ಇಡಬೇಕೆಂಬ ಆಜ್ಞೆಯಾಯಿತು. ಮಹಾ ಬೈಬಲ್ ಎಂದು ಹೆಸರಾದ ಗ್ರಂಥದ 1541ರ ಮುದ್ರಣವೊಂದರ ಮುಖಪುಟದಲ್ಲಿ ಅದನ್ನು ಪರಿಶೀಲಿಸಿದವರ ಹೆಸರುಗಳಿವೆ. ಅವರಲ್ಲಿ ಒಬ್ಬನು ಅದೇ ಟನ್‌ಸ್ಟಾಲ್! ಆದರೂ ಹಾದಿ ನೇರವಾಗಿರಲಿಲ್ಲ. 1543ರ ಕಾನೂನು ಟಿಂಡೇಲನ ಭಾಷಾಂತರವನ್ನು ಹೆಸರಿಸಿ ನಿಷೇಧಿಸಿತಲ್ಲದೆ, ಕುಶಲಕರ್ಮಿಗಳೂ ಬೇಸಾಯಗಾರರೂ ಬೈಬಲ್ ಓದಬಾರದೆಂದಿತು. ನೇಗಿಲ ಹುಡುಗನಿಗೆ ಮತ್ತೆ ಬಾಗಿಲು ಮುಚ್ಚಿತು. 1547ರಲ್ಲಿ, ಹೆನ್ರಿ ಮಡಿದ ವರ್ಷವೇ, ಆ ಕಾನೂನು ರದ್ದಾಯಿತು. 1611ರ ಪ್ರಸಿದ್ಧ ಭಾಷಾಂತರದ ಹೊಸ ಒಡಂಬಡಿಕೆಯಲ್ಲಿ ಹೆಚ್ಚಿನ ಪಾಲು ಟಿಂಡೇಲನ ಮಾತುಗಳೇ ಉಳಿದುಕೊಂಡಿವೆ.

ಇಂದು ಗ್ರಂಥಗಳ ಜೊತೆಗೆ ಗಣಕಯಂತ್ರದ ಸಾಫ್ಟ್‌ವೇರ್, ದತ್ತಾಂಶಗಳು ನಮ್ಮ ಜ್ಞಾನದ ಭಂಡಾರಗಳಾಗಿವೆ. ಅವುಗಳ ಹಂಚಿಕೆಗೂ ಕಾನೂನಿನ ಕಟ್ಟುಗಳಿವೆ. ಆದರೆ ಟಿಂಡೇಲನ ಕಾಲದ ನಿಷೇಧವನ್ನೂ ಇಂದಿನ ಕಟ್ಟುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾನೂನು ದುಡಿದ ಲೇಖಕನಿಗೆ ಅವನ ದುಡಿಮೆಯ ಫಲ ದೊರೆಯಲೆಂಬ ಉದ್ದೇಶವುಳ್ಳದ್ದು. ಲೇಖಕನು ತೀರಿಕೊಂಡು 60 ವರ್ಷಗಳಾದ ಮೇಲೆ ಅವನ ಗ್ರಂಥ ಎಲ್ಲರ ಸೊತ್ತಾಗುತ್ತದೆ. ಕೆಲವು ನಿರ್ಮಾಪಕರು ತಮ್ಮ ಸಾಫ್ಟ್‌ವೇರನ್ನು ತಾವಾಗಿಯೇ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಅದಕ್ಕೆಂದು 1989ರಲ್ಲಿ ರೂಪುಗೊಂಡ ಗ್ನೂ ಸಾರ್ವಜನಿಕ ಪರವಾನಗಿ, ಮಾರ್ಪಡಿಸಿದವನು ತಾನು ಮಾರ್ಪಡಿಸಿರುವುದಾಗಿ ತಿಳಿಸಬೇಕೆಂದು ವಿಧಿಸುತ್ತದೆ. ಜಾರ್ಜ್ ಜಾಯನಿಂದ ಟಿಂಡೇಲನು ಬಯಸಿದ್ದೂ ಇಂಥ ಪ್ರಾಮಾಣಿಕತೆಯನ್ನೇ.

ಹಣ ಉಳಿಸುವ ಆಸೆಯಿಂದ ಗುಟ್ಟಾಗಿ ನಕಲು ಮಾಡುವವನಿಗೆ ಟಿಂಡೇಲನ ಹೆಸರನ್ನು ಹೇಳಿಕೊಳ್ಳುವ ಅಧಿಕಾರವಿಲ್ಲ. ಆತನು ಮೊದಲು ಅನುಮತಿ ಕೇಳಿದನು. ಸ್ವಂತ ಲಾಭವನ್ನು ಬಯಸಲಿಲ್ಲ. ಯಾರ ಮೇಲೂ ಕೈಯೆತ್ತಲಿಲ್ಲ. ಕಾನೂನು ಬದಲಾದರೆ ಶರಣಾಗಲು ಸಿದ್ಧನಿದ್ದನು. ಕೊನೆಗೆ ಪ್ರಾಣವನ್ನು ತೆತ್ತನು. ಇನ್ನೊಂದು ಕಡೆ, ಕಾನೂನು ಮಾಡುವವರೂ ಆತನ ಬಾಳಿನಿಂದ ಕಲಿಯಬೇಕಾದುದುಂಟು. ಬೇಲಿ ಇರಬೇಕಾದುದು ಬೆಳೆಯ ರಕ್ಷಣೆಗೆ; ಬಾವಿಯನ್ನು ಬಾಯಾರಿದವರಿಂದ ದೂರವಿಡುವುದಕ್ಕಲ್ಲ. ಒಂದು ಕಟ್ಟಳೆ ನಮ್ಮ ಮುಂದೆ ಬಂದಾಗ ಅದು ಕಾಯುತ್ತಿರುವುದು ಬೆಳೆಯನ್ನೋ, ಮುಚ್ಚುತ್ತಿರುವುದು ಬಾವಿಯನ್ನೋ ಎಂದು ವಿಚಾರಿಸುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.