ಚಮಚ, ಮೇಣದಬತ್ತಿ ಮತ್ತು ಕಿಡ್ನಿ: ರಿಚರ್ಡ್ ಬ್ರೈಟ್ ಕಂಡುಕೊಂಡ ಸತ್ಯ

ಬೆಳಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊದಿಕೊಂಡಿದ್ದರೆ ಅಲರ್ಜಿ ಇರಬೇಕು ಎಂದೋ, ಮಗು ಮೈ ತುಂಬಿಕೊಳ್ಳುತ್ತಿದೆ ಎಂದೋ ಸುಮ್ಮನಾಗುವವರಿದ್ದಾರೆ. ಊತ ಕಂಡರೆ ಮೂತ್ರವನ್ನೂ ಪರೀಕ್ಷಿಸಬೇಕು ಎಂದು ವೈದ್ಯಲೋಕಕ್ಕೆ ಮನವರಿಕೆ ಮಾಡಿಸಿದವರು ರಿಚರ್ಡ್ ಬ್ರೈಟ್.

ಯಾರು ಈ ಬ್ರೈಟ್?

1789ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಇವರು ಎಡಿನ್‌ಬರಾದಲ್ಲಿ ವೈದ್ಯಕೀಯ ಓದಿ, 1820ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ಸೇರಿದರು. ಆ ಕಾಲದಲ್ಲಿ ಮೈ ಊದುವುದನ್ನೇ ಒಂದು ಕಾಯಿಲೆ ಎಂದುಕೊಂಡಿದ್ದರು.

ಬ್ರೈಟ್ ಇಂಥ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದಬತ್ತಿಯ ಉರಿಯಲ್ಲಿ ಕಾಯಿಸಿದರು. ಮೊಟ್ಟೆಯ ಬಿಳಿಭಾಗ ಬೆಂದಂತೆ ಅದು ಬೆಳ್ಳಗೆ ಹೆಪ್ಪುಗಟ್ಟಿತು. ಅದು ಆಲ್ಬುಮಿನ್ ಎಂಬ ಪ್ರೋಟೀನ್. ಮೂತ್ರದಲ್ಲಿ ಇದನ್ನು ಮೊದಲೇ ಕೆಲವರು ಗಮನಿಸಿದ್ದರು. ಆದರೆ ಬ್ರೈಟ್ ಅಲ್ಲಿಗೇ ನಿಲ್ಲಲಿಲ್ಲ. ತೀರಿಕೊಂಡ ರೋಗಿಗಳ ಶವಪರೀಕ್ಷೆ ಮಾಡಿ, ಅವರ ಕಿಡ್ನಿ ಕೆಟ್ಟಿದ್ದನ್ನು ಕಂಡರು. ಊತ, ಮೂತ್ರದ ಪ್ರೋಟೀನ್, ಕಿಡ್ನಿ ಈ ಮೂರರ ನಂಟನ್ನು 1827ರಲ್ಲಿ ಪ್ರಕಟಿಸಿದರು.

ಊತ ಬರುವುದು ಹೇಗೆ?

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಅವು ಕಸವನ್ನು ಸೋಸಿ ಹೊರಹಾಕುತ್ತವೆ, ಪ್ರೋಟೀನನ್ನು ರಕ್ತದಲ್ಲೇ ಉಳಿಸುತ್ತವೆ. ಜರಡಿ ಸಡಿಲವಾದರೆ ಪ್ರೋಟೀನ್ ಸೋರಿಹೋಗುತ್ತದೆ. ಆಗ ಮೈಯಲ್ಲಿ ಉಪ್ಪು, ನೀರು ನಿಂತು ಊತ ಬರುತ್ತದೆ, ಮೂತ್ರ ನೊರೆನೊರೆಯಾಗುತ್ತದೆ. ಇದೇ ನೆಫ್ರೋಟಿಕ್ ಸಿಂಡ್ರೋಮ್. ಊದಿದ ಮಗುವಿಗೆ ಹೆಚ್ಚು ನೀರು ಕುಡಿಸಿದರೆ ಕಿಡ್ನಿ ತೊಳೆದುಹೋಗುತ್ತದೆ ಎಂಬ ಫಾರ್ವರ್ಡ್ ಸುಳ್ಳು. ಉಪ್ಪು, ನೀರು ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಬ್ರೈಟ್ ಬಳಿ ಇಲ್ಲದ್ದು, ನಮ್ಮ ಬಳಿ ಇರುವುದು

ಕಾಯಿಲೆ ಗುರುತಿಸಿದರೂ ಬ್ರೈಟ್ ಬಳಿ ಮದ್ದಿರಲಿಲ್ಲ. ಆ ಕಾಲದ ಎಲ್ಲರಂತೆ ಅವರೂ ರಕ್ತ ತೆಗೆಸುತ್ತಿದ್ದರು, ಭೇದಿ ಮಾಡಿಸುತ್ತಿದ್ದರು. 1858ರಲ್ಲಿ ಅವರು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅದಾಗಿ ಸುಮಾರು ನೂರು ವರ್ಷದ ಮೇಲೆ, 1950ರ ದಶಕದಲ್ಲಿ, ಸ್ಟೀರಾಯ್ಡ್ ಚಿಕಿತ್ಸೆ ಬಂತು. ಈಗ ಈ ಕಾಯಿಲೆಯ ಹೆಚ್ಚಿನ ಮಕ್ಕಳಲ್ಲಿ ನಾಲ್ಕು ವಾರದೊಳಗೆ ಸೋರಿಕೆ ನಿಲ್ಲುತ್ತದೆ. ಕಾಯಿಲೆ ಮರುಕಳಿಸುವುದುಂಟು, ಆಗ ಮತ್ತೆ ಚಿಕಿತ್ಸೆ ಬೇಕು.

ಸ್ಟೀರಾಯ್ಡ್ ವಿಷ, ನಿಲ್ಲಿಸಿ ಕಷಾಯ ಕೊಡಿ ಎಂಬ ಸಂದೇಶ ಅಪಾಯಕಾರಿ ಎನ್ನುವುದು ಇದಕ್ಕೇ. ಮುಖ ದುಂಡಗಾಗುವುದು, ಹಸಿವು ಹೆಚ್ಚುವುದು ಮುಂತಾದ ಅಡ್ಡಪರಿಣಾಮಗಳು ನಿಜ. ಆದರೆ ವೈದ್ಯರು ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ನಾವಾಗಿಯೇ ಥಟ್ಟನೆ ನಿಲ್ಲಿಸಿದರೆ ಮಗುವಿನ ಜೀವಕ್ಕೇ ಕುತ್ತು ಬರಬಹುದು.

ಬ್ರೈಟ್ ಚಮಚದ ಜಾಗದಲ್ಲಿ ಇಂದು ಬಣ್ಣ ಬದಲಿಸುವ ಪಟ್ಟಿ ಬಂದಿದೆ. ಮಗುವಿನ ಮುಖ ಊದಿದ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಗುಂಪಿನಲ್ಲಿ ಹಂಚುವುದಾದರೆ ಈ ಮಾತನ್ನೇ ಹಂಚಿ.